ಬೀದಿ ಕೊನೆಯ ಶಾಲೆಯನ್ನು ತೂಗುವ ಬಗೆ

ಯುಗಾದಿ ಹತ್ತಿರವಾಗುತ್ತಿದ್ದಂತೆ ಮಕ್ಕಳಿಗೆ ವಾರ್ಷಿಕ ಪರೀಕ್ಷೆಯ ಬಿಸಿ ತಟ್ಟುತ್ತದೆ. ಅದೇ ಹೊತ್ತಿಗೆ ಊರೂರುಗಳಲ್ಲಿ ಸದ್ದಿಲ್ಲದೆ ಇನ್ನೊಂದು ಪರೀಕ್ಷೆಯೂ ಶುರುವಾಗಿರುತ್ತದೆ. ಅದು ತಂದೆ-ತಾಯಿಯರ ಪರೀಕ್ಷೆ. ಆರು ವರ್ಷ ತುಂಬಲಿರುವ ಮಗುವನ್ನು ಜೂನ್ ತಿಂಗಳಲ್ಲಿ ಯಾವ ಶಾಲೆಗೆ ಸೇರಿಸುವುದು? ಬೀದಿಯ ಕೊನೆಗಿರುವ ಸರ್ಕಾರಿ ಪ್ರಾಥಮಿಕ ಶಾಲೆಗೋ, ಹಳದಿ ವ್ಯಾನು ಬಂದು ಕರೆದೊಯ್ಯುವ ಇಂಗ್ಲಿಷ್ ಮಾಧ್ಯಮದ ಶಾಲೆಗೋ? ಬಸ್ ನಿಲ್ದಾಣದ ಹೋಟೆಲಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಕೊರತೆ ಇರುವುದು ಎರಡೂ ಶಾಲೆಗಳ ಒಳಗೆ ಹೋಗಿ ನೋಡಿ ಬಂದವರಿಗೆ.

ಸೊಪ್ಪಿನ ಗಾಡಿಯ ಬಳಿ ಒಂದು ಕಟ್ಟು ದಂಟನ್ನು ನಾಲ್ಕು ಸಲ ತಿರುವಿ ನೋಡುವ ಮನೆಯವರೇ, ಮಗುವಿನ ಬಾಲ್ಯವನ್ನೆಲ್ಲ ಒಪ್ಪಿಸಬೇಕಾದ ಶಾಲೆಯನ್ನು ಗೇಟಿನ ಹೊರಗಿನಿಂದ ನೋಡಿ ತೀರ್ಮಾನಿಸಿಬಿಡುತ್ತಾರೆ. ಇದಕ್ಕೆ ಅವರನ್ನು ದೂರುವಂತೆಯೂ ಇಲ್ಲ. ಸೊಪ್ಪಿನ ತಾಜಾತನ ಕಣ್ಣಿಗೆ ಕಾಣುತ್ತದೆ, ಕಲಿಕೆ ಕಾಣುವುದಿಲ್ಲ. ಕಾಣುವುದು ಕಟ್ಟಡ, ಟೈ, ಬೂಟು, ವ್ಯಾನು, ನಾಮಫಲಕದ ಇಂಗ್ಲಿಷ್ ಹೆಸರು. ಎದುರಿಗೆ ಸುಣ್ಣ ಮಾಸಿದ ಗೋಡೆ, ಹೆಂಚಿನ ಸೂರು, ನೆಲದ ಮೇಲೆ ಕುಳಿತ ಮಕ್ಕಳು. ಇಷ್ಟೇ ಸಾಕ್ಷ್ಯವಿದ್ದಾಗ ತೀರ್ಪು ಯಾವ ಕಡೆಗೆ ವಾಲುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸರ್ಕಾರಿ ಶಾಲೆಗಳಿಗೆ ಒಪ್ಪುವಷ್ಟು ಇನ್ನಾವುದಕ್ಕೂ ಒಪ್ಪಲಾರದು.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, ಮನೆಯಲ್ಲಿ ರವಿಕೆ ಹೊಲಿದು ಸೀರೆಗೆ ಕುಚ್ಚು ಕಟ್ಟುವ ಹೆಂಡತಿ. ಇಬ್ಬರೂ ಎಸ್‌ಎಸ್‌ಎಲ್‌ಸಿ ಮುಗಿಸಿದವರು. ಅಂಗನವಾಡಿ ಮುಗಿಸಿದ ಒಬ್ಬಳೇ ಮಗಳು. ಮನೆಯಲ್ಲಿ ಅತ್ತೆ, ಪಿಯುಸಿ ವಿಜ್ಞಾನ ಓದುತ್ತಿದ್ದ ನಾದಿನಿ. ಮಗಳ ಶಾಲೆಯ ಮಾತು ಬಂದಾಗ ಗಂಡನ ಮನಸ್ಸು ಮೊದಲೇ ಗಟ್ಟಿಯಾಗಿತ್ತು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಶುಲ್ಕ, ವ್ಯಾನು, ಪುಸ್ತಕ, ಸಮವಸ್ತ್ರ ಎಲ್ಲ ಸೇರಿ ವರ್ಷಕ್ಕೆ 32,000 ರೂಪಾಯಿ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿಯನ್ನೂ ತಂದಿಟ್ಟಿದ್ದ.

“ರೀ, ಒಳಗೆ ಹೋಗಿ ನೋಡ್ದೇನೇ ಬೇಡ ಅಂದ್ರೆ ಹೆಂಗ್ರೀ?” ಎಂದು ಹೆಂಡತಿ ಕೇಳಿದಳು.

“ನೋಡೋದೇನೇ ಅದ್ರಲ್ಲಿ? ನಾನು ಓದಿದ್ದು ಅಲ್ಲೇ ಅಲ್ವಾ?”

ಮೂಲೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದ ಮುದುಕಿ ತಲೆಯೆತ್ತದೆ, “ಅಲ್ಲಿ ಓದಿ ನೀನೇನು ಕೆಟ್ಟೋದೇನಪ್ಪಾ?” ಎಂದಳು.

ಮಗ ಮಾತಾಡಲಿಲ್ಲ. ಅವನ ಮೌನಕ್ಕೂ ಕಾರಣವಿತ್ತು. ಡಿಪೋದಲ್ಲಿ ಜೊತೆಗಾರರ ಮಕ್ಕಳೆಲ್ಲ ವ್ಯಾನು ಹತ್ತುವವರು. “ನಿಮ್ಮ ಪಾಪು ಯಾವ ಸ್ಕೂಲು?” ಎಂದು ಯಾರಾದರೂ ಕೇಳಿದಾಗ ಕೊಡುವ ಉತ್ತರದಲ್ಲಿ ಅಪ್ಪನ ಮಾನವೂ ಸೇರಿಕೊಂಡಿರುತ್ತದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೂ ಹೇಳದ ಮಾತೊಂದಿದೆ: ಸರ್ಕಾರಿ ಶಾಲೆಯಲ್ಲಿ ಮಗಳು ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ ಎಂಬುದು. ಕೂಲಿಯವರ ಮಕ್ಕಳು, ವಲಸೆ ಬಂದ ಗಾರೆ ಕೆಲಸದವರ ಮಕ್ಕಳು, ಕೇರಿಯ ಮಕ್ಕಳು. ಶಾಲೆಯ ಗುಣಮಟ್ಟದ ಮಾತು ಎಂದು ಆರಂಭವಾದದ್ದು ಎಷ್ಟೋ ಮನೆಗಳಲ್ಲಿ ನಿಜವಾಗಿ ಈ ಮಾತೇ ಆಗಿರುತ್ತದೆ. ಗುಣಮಟ್ಟವನ್ನು ತೂಗಲು ಹೊರಟವರು ಮೊದಲು ತಕ್ಕಡಿಯಿಂದ ಈ ಕಲ್ಲನ್ನು ತೆಗೆದಿಡಬೇಕು. ಇಲ್ಲದಿದ್ದರೆ ಎಷ್ಟು ಸಲ ತೂಗಿದರೂ ಒಂದೇ ಉತ್ತರ.

ಜಗಲಿಯ ಮೇಲೆ ನಡೆದ ಪರೀಕ್ಷೆ

ದಾರಿ ತೋರಿಸಿದವಳು ನಾದಿನಿ. “ಅತ್ತಿಗೆ, ಬಿಲ್ಡಿಂಗ್ ನೋಡಿದ್ರೆ ಏನ್ ಗೊತ್ತಾಗುತ್ತೆ? ಆ ಸ್ಕೂಲಿಗೂ ಈ ಸ್ಕೂಲಿಗೂ ಹೋಗೋ ಮಕ್ಕಳು ನಮ್ಮ ಬೀದಿಯಲ್ಲೇ ಇದಾರಲ್ಲ, ಕರೆದು ಓದ್ಸೋಣ” ಎಂದಳು. ಭಾನುವಾರ ಸಂಜೆ ನಾಲ್ಕು ಮಕ್ಕಳು ಜಗಲಿಯ ಮೇಲೆ ಬಂದು ಕುಳಿತರು. ಇಬ್ಬರು ಸರ್ಕಾರಿ ಶಾಲೆಯವರು, ಇಬ್ಬರು ವ್ಯಾನಿನವರು. ಎಲ್ಲರೂ ಮೂರನೆಯ, ನಾಲ್ಕನೆಯ ತರಗತಿ. ಒಂದೊಂದು ಹಿಡಿ ಕಡ್ಲೆಪುರಿ ಕೊಟ್ಟು, ಎರಡನೆಯ ತರಗತಿಯ ಪುಸ್ತಕ ತೆರೆದಿಟ್ಟು, ಸ್ಲೇಟಿನ ಮೇಲೆ 52ರಲ್ಲಿ 27 ಕಳೆಯುವ ಲೆಕ್ಕ ಬರೆದದ್ದಾಯಿತು.

ಸರ್ಕಾರಿ ಶಾಲೆಯ ಹುಡುಗಿ ಕನ್ನಡ ಪಾಠವನ್ನು ತಡವರಿಸದೆ ಓದಿದಳು, ಕಥೆಯನ್ನು ತನ್ನ ಮಾತಿನಲ್ಲಿ ಹೇಳಿದಳು, ಲೆಕ್ಕವನ್ನೂ ಮಾಡಿದಳು. ಅದೇ ಶಾಲೆಯ ಹುಡುಗ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಲೆಕ್ಕದಲ್ಲಿ ದಶಕದಿಂದ ಕಡ ತರುವುದು ಗೊತ್ತಿಲ್ಲದೆ 7ರಲ್ಲಿ 2 ಕಳೆದು 35 ಎಂದು ಬರೆದ. ವ್ಯಾನಿನ ಹುಡುಗಿ ಇಂಗ್ಲಿಷ್ ಪುಸ್ತಕದಲ್ಲಿ ಗಿಡಗಳು ಆಹಾರ ತಯಾರಿಸುವ ಸಾಲುಗಳನ್ನು ಪಟಪಟನೆ ಓದಿದಾಗ ಅಜ್ಜಿ ಸೇರಿದಂತೆ ಎಲ್ಲರೂ ಬೆರಗಾದರು. “ಹಂಗಂದ್ರೇನು ಪುಟ್ಟಾ, ಕನ್ನಡದಲ್ಲಿ ಹೇಳು” ಎಂದಾಗ ಮಗು ಸುಮ್ಮನಾಯಿತು. ಮತ್ತೆ ಅದೇ ಸಾಲನ್ನು ಇನ್ನಷ್ಟು ಜೋರಾಗಿ ಓದಿತು. ನಾಲ್ಕನೆಯವನು ಲೆಕ್ಕದಲ್ಲಿ ಚುರುಕು. ಇಂಗ್ಲಿಷನ್ನೂ ಅರ್ಥ ಮಾಡಿಕೊಂಡು ಓದಿದ. ಅವನ ತಾಯಿ ದಿನವೂ ಒಂದು ಗಂಟೆ ಪಕ್ಕದಲ್ಲಿ ಕುಳಿತು ಓದಿಸುತ್ತಾಳೆಂಬುದು ಆಮೇಲೆ ತಿಳಿಯಿತು.

ನಾಲ್ಕು ಮಕ್ಕಳನ್ನು ಓದಿಸಿ ಎರಡು ಶಾಲೆಗಳ ಹಣೆಬರಹ ಬರೆಯಲಾಗದು, ನಿಜ. ಆದರೆ ಆ ಸಂಜೆ ಒಂದು ಭ್ರಮೆಯಂತೂ ಕಳಚಿತು. ಗೆರೆ ಎಳೆದಂತೆ ಒಂದು ಶಾಲೆಯ ಮಕ್ಕಳೆಲ್ಲ ಈಚೆ, ಇನ್ನೊಂದು ಶಾಲೆಯವರೆಲ್ಲ ಆಚೆ ನಿಲ್ಲಲಿಲ್ಲ. ಪ್ರತಿ ಶಾಲೆಯಲ್ಲೂ ಕಲಿತ ಮಗುವಿತ್ತು, ಕಲಿಯದೆ ತೇರ್ಗಡೆಯಾದ ಮಗುವಿತ್ತು.

ದೇಶದ ಮಟ್ಟದಲ್ಲೂ ಇಂಥದೇ ಪರೀಕ್ಷೆ 2005ರಿಂದ ನಡೆಯುತ್ತ ಬಂದಿದೆ. ‘ಅಸರ್’ ಎಂದು ಕರೆಯುವ ಈ ಸಮೀಕ್ಷೆಯವರು ಹಳ್ಳಿಗಳ ಮನೆಬಾಗಿಲಿಗೇ ಹೋಗಿ ಮಕ್ಕಳಿಗೆ ಎರಡನೆಯ ತರಗತಿ ಮಟ್ಟದ ಪಾಠ ಓದಿಸುತ್ತಾರೆ, ಕಳೆಯುವ ಮತ್ತು ಭಾಗಿಸುವ ಲೆಕ್ಕ ಕೊಡುತ್ತಾರೆ. 2018ರಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಆ ಪಾಠವನ್ನು ಓದಬಲ್ಲವರು ಸುಮಾರು ಅರ್ಧದಷ್ಟು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ತೆರೆದ ಬಳಿಕ, 2022ರಲ್ಲಿ, ಈ ಪ್ರಮಾಣ ಶೇ 43ರ ಆಸುಪಾಸಿಗೆ ಇಳಿಯಿತು. 2018ರ ಲೆಕ್ಕದಲ್ಲಿ ಖಾಸಗಿ ಶಾಲೆಗಳ ಮಕ್ಕಳು ಮುಂದಿದ್ದರು. ನೂರಕ್ಕೆ ಸುಮಾರು 65 ಮಕ್ಕಳು ಓದಿದರು. ಅದನ್ನೇ ತಿರುಗಿಸಿ ನೋಡಿದರೆ, ಶುಲ್ಕ ಕಟ್ಟಿಯೂ ಮೂವರಲ್ಲಿ ಒಂದು ಮಗು ಮೂರು ತರಗತಿ ಕೆಳಗಿನ ಪಾಠ ಓದಲಾರದೆ ಕುಳಿತಿತ್ತು. ಎರಡು ಸಂಗತಿಗಳೂ ನಿಜ. ತಂದೆ-ತಾಯಿಯರ ಕಿವಿಗೆ ಬೀಳುವುದು ಮಾತ್ರ ಮೊದಲನೆಯದು.

ಬೆಳೆ ಯಾರದು, ಬೀಜದ್ದೋ ನೆಲದ್ದೋ?

ಹಾಗಾದರೆ ಖಾಸಗಿ ಶಾಲೆಯ ಮಕ್ಕಳು ಒಟ್ಟಾರೆ ಮುಂದಿರುವುದು ಸುಳ್ಳೇ? ಸುಳ್ಳಲ್ಲ. ಆದರೆ ಅದರ ಕಾರಣವನ್ನು ಎಚ್ಚರದಿಂದ ಹುಡುಕಬೇಕು. ಇಬ್ಬರು ರೈತರು ಬೇರೆ ಬೇರೆ ತಳಿಯ ರಾಗಿ ಬಿತ್ತಿದರು ಎಂದಿಟ್ಟುಕೊಳ್ಳಿ. ಒಬ್ಬನದು ನೀರಾವರಿ ಹೊಲ, ಇನ್ನೊಬ್ಬನದು ಮಳೆ ನಂಬಿದ ಬೋರೆ. ಮೊದಲಿನವನ ಫಸಲು ಹೆಚ್ಚು ಬಂದರೆ ಅದು ತಳಿಯ ಗುಣ ಎನ್ನಲು ಬರುತ್ತದೆಯೇ? ಎರಡು ತಳಿಗಳನ್ನೂ ಒಂದೇ ಹೊಲದಲ್ಲಿ ಬಿತ್ತಿ ನೋಡಬೇಕು. ಶಾಲೆಗಳ ವಿಷಯವೂ ಹಾಗೆಯೇ. ಶುಲ್ಕ ಕಟ್ಟಬಲ್ಲ ಮನೆ, ಓದಿದ ತಾಯಿ, ಸಂಜೆ ಪಾಠ ಹೇಳಿಸುವ ಅನುಕೂಲ, ಹೊಟ್ಟೆ ತುಂಬ ಊಟ ಇವೆಲ್ಲ ಮಗುವಿನ ಜೊತೆಯಲ್ಲೇ ಶಾಲೆಯ ಗೇಟು ದಾಟುತ್ತವೆ. ಫಲಿತಾಂಶ ಬಂದಾಗ ಹೆಸರು ಮಾತ್ರ ಶಾಲೆಗೆ.

ಒಂದೇ ಹೊಲದಲ್ಲಿ ಎರಡು ತಳಿ ಬಿತ್ತಿದಂಥ ಪ್ರಯೋಗವೊಂದು ನೆರೆಯ ಆಂಧ್ರಪ್ರದೇಶದಲ್ಲಿ, ರಾಜ್ಯ ಇಬ್ಭಾಗವಾಗುವ ಮೊದಲು, 2008ರಿಂದ 2012ರವರೆಗೆ ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅದನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. 180 ಹಳ್ಳಿಗಳಲ್ಲಿ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಲು ಇಷ್ಟಪಟ್ಟ ಬಡ ಪಾಲಕರಿಂದ ಅರ್ಜಿ ಪಡೆದು ಲಾಟರಿ ಎತ್ತಲಾಯಿತು. ಚೀಟಿ ಬಂದ ಮಕ್ಕಳಿಗೆ ಖಾಸಗಿ ಶಾಲೆಯ ಖರ್ಚು ಸಿಕ್ಕಿತು, ಬಾರದವರಿಗೆ ಸಿಗಲಿಲ್ಲ. ಎರಡು ಗುಂಪಿನ ಮನೆಗಳೂ ಒಂದೇ ಬಗೆಯವು, ಆಸೆಯೂ ಒಂದೇ. ವ್ಯತ್ಯಾಸವಿದ್ದದ್ದು ಚೀಟಿಯದು ಮಾತ್ರ.

ನಾಲ್ಕು ವರ್ಷದ ಬಳಿಕ ಪರೀಕ್ಷೆ ಮಾಡಿದಾಗ ತೆಲುಗಿನಲ್ಲಿ, ಗಣಿತದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಸರ್ಕಾರಿ ಶಾಲೆಗಳು ಕಡೆಗಣಿಸಿದ್ದ ಹಿಂದಿಯಲ್ಲಿ ಮಾತ್ರ ಚೀಟಿ ಬಂದ ಮಕ್ಕಳು ಬಹಳ ಮುಂದಿದ್ದರು. ಹಾಗೆಂದು ಈ ಅಧ್ಯಯನ ಸರ್ಕಾರಿ ಶಾಲೆಗಳಿಗೆ ಹಾರ ಹಾಕಿತೆಂದು ತಿಳಿಯಬಾರದು. ಖಾಸಗಿ ಶಾಲೆಗಳು ತೆಲುಗು, ಗಣಿತಗಳಿಗೆ ಕಡಿಮೆ ಹೊತ್ತು ಕೊಟ್ಟೂ ಅಷ್ಟೇ ಕಲಿಸಿದವು. ಪ್ರತಿ ಮಗುವಿಗೆ ಅವು ಮಾಡಿದ ಖರ್ಚು ಸರ್ಕಾರಿ ಶಾಲೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿನ ಶಿಕ್ಷಕರಿಗೆ ತರಬೇತಿ ಕಡಿಮೆ, ಸಂಬಳ ಇನ್ನೂ ಕಡಿಮೆ. ಆದರೆ ಗೈರುಹಾಜರಾಗುವುದೂ ಕಡಿಮೆ. ಹೆಚ್ಚು ಓದಿದ, ಹೆಚ್ಚು ಸಂಬಳದ, ಆಯ್ಕೆ ಪರೀಕ್ಷೆ ಗೆದ್ದು ಬಂದ ಶಿಕ್ಷಕರಿದ್ದೂ ಸರ್ಕಾರಿ ಶಾಲೆ ಏಕೆ ದೂರ ಮುಂದೆ ಹೋಗಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ಒಂದು ಉತ್ತರವನ್ನು ಪಾಲಕರ ನಡವಳಿಕೆಯಲ್ಲೇ ಹುಡುಕಬಹುದು. ಖಾಸಗಿ ಶಾಲೆಯಲ್ಲಿ ಶುಲ್ಕ ಕಟ್ಟಿದವರು ಕೇಳುತ್ತಾರೆ. ಸರ್ಕಾರಿ ಶಾಲೆಯಲ್ಲಿ ಕೇಳಬಲ್ಲವರು ಮೊದಲೇ ಹೊರಟುಹೋಗಿರುತ್ತಾರೆ.

ಒಳಗೆ ಹೋಗಿ ನೋಡಿದಾಗ

ಮುಂದಿನ ವಾರದ ರಜೆಯಲ್ಲಿ ಗಂಡ-ಹೆಂಡತಿ ಬೀದಿ ಕೊನೆಯ ಶಾಲೆಗೆ ಹೋದರು. ಒಂದರಿಂದ ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳು 58, ಶಿಕ್ಷಕಿಯರು ಇಬ್ಬರು. ಮೊದಲ ಮೂರು ತರಗತಿಗಳು ಒಂದೇ ಕೋಣೆಯಲ್ಲಿ. “ನೋಡಿದ್ಯಾ, ಕುರಿ ತುಂಬ್ದಂಗೆ ತುಂಬಿದಾರೆ” ಎಂದು ಗಂಡ ಪಿಸುಗುಟ್ಟಿದ. ಮುಖ್ಯ ಶಿಕ್ಷಕಿಗೆ ಅದು ಕೇಳಿಸಿತೋ ಏನೋ, ನಗುತ್ತ ಒಳಗೆ ಕರೆದು ನಲಿ-ಕಲಿಯ ವಿಚಾರ ಬಿಡಿಸಿ ಹೇಳಿದರು.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಅದನ್ನು ಇಲ್ಲಿಗೆ ಒಗ್ಗಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇಲ್ಲಿ ಇಡೀ ತರಗತಿ ಒಂದೇ ಪಾಠವನ್ನು ಒಟ್ಟಿಗೆ ಒದರುವುದಿಲ್ಲ. ಕಲಿಕೆಯ ಏಣಿಯೊಂದು ಗೋಡೆಯ ಮೇಲಿರುತ್ತದೆ. ಪ್ರತಿ ಮಗು ತಾನು ನಿಂತಿರುವ ಮೆಟ್ಟಿಲಿನ ಕಾರ್ಡನ್ನು ಎತ್ತಿಕೊಂಡು ತನ್ನ ಗುಂಪಿಗೆ ಹೋಗುತ್ತದೆ. ಶಿಕ್ಷಕಿಯ ನೆರವು ಬೇಕಾದವರದು ಒಂದು ಗುಂಪು, ಗೆಳೆಯರಿಂದ ಕಲಿಯುವವರದು ಇನ್ನೊಂದು, ತಾನಾಗಿ ಕಲಿಯಬಲ್ಲವರದು ಮತ್ತೊಂದು, ಹೀಗೆ ಐದು. ಎರಡು ವಾರ ಜ್ವರ ಬಂದು ಮಲಗಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರದಿಂದ ಇಳಿಬಿಟ್ಟ ಅವರವರ ಚಿತ್ರಗಳು. ಅಪ್ಪ ಓದಿದ ಕಾಲದ ಶಾಲೆ ಇದಾಗಿರಲಿಲ್ಲ.

ಆದರೆ ತಾಯಿಯ ಕಣ್ಣು ಇನ್ನೊಂದನ್ನೂ ಗಮನಿಸಿತು. ಮೂವತ್ತಕ್ಕೂ ಮಿಕ್ಕ ಮಕ್ಕಳಿಗೆ ಒಬ್ಬರೇ ಶಿಕ್ಷಕಿ. ನೆರವು ಬೇಕಾದ ಗುಂಪಿನ ಪಕ್ಕದಲ್ಲಿ ಅವರು ಕುಳಿತಾಗ ಉಳಿದ ನಾಲ್ಕು ಗುಂಪುಗಳಲ್ಲಿ ಎರಡು ಕೆಲಸ ಮಾಡುತ್ತಿದ್ದವು, ಎರಡು ಕಾರ್ಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಯಾವುದೋ ಅಂಕಿ-ಅಂಶ ತಕ್ಷಣ ಕಳಿಸಬೇಕೆಂದು ಫೋನು ಬಂತು. ಮುಖ್ಯ ಶಿಕ್ಷಕಿ ಕಚೇರಿಗೆ ಓಡಿದರು. ನಾಲ್ಕು, ಐದನೆಯ ತರಗತಿಗಳು ಅಷ್ಟು ಹೊತ್ತು ತಮ್ಮಷ್ಟಕ್ಕೆ ಇದ್ದವು. ಜಗಲಿಯ ಮೇಲೆ 35 ಎಂದು ಬರೆದ ಹುಡುಗನ ಕಥೆ ಏನೆಂದು ಅವಳಿಗೆ ಆಗ ಹೊಳೆಯಿತು. ಅವನು ದಡ್ಡನಲ್ಲ, ಅವನಿಗೆ ಕಡ ತರುವುದನ್ನು ಹೇಳಿಕೊಡಬೇಕಾದ ಹತ್ತು ನಿಮಿಷ ಯಾರ ಬಳಿಯೂ ಇರಲಿಲ್ಲ.

ಮಧ್ಯಾಹ್ನದ ಊಟವನ್ನು ನೋಡಿಯೇ ಹೋಗಿ ಎಂದರು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟ: ಅನ್ನ, ತರಕಾರಿ ಹಾಕಿದ ಸಾಂಬಾರು. ಬೆಳಿಗ್ಗೆ ಹಾಲು, ಅದು 2013ರಲ್ಲಿ ಶುರುವಾದ ಕ್ಷೀರಭಾಗ್ಯದ್ದು. ಅಡುಗೆಯವರ ಕೈಯ ಸಾಂಬಾರನ್ನು ಶಿಕ್ಷಕಿ ಮೊದಲು ರುಚಿ ನೋಡಿ ಆಮೇಲೆ ಬಡಿಸಿದರು. ಊಟ ಚೆನ್ನಾಗಿತ್ತು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮಾತ್ರ ನಲ್ಲಿ ತಿರುಗಿಸಿದರೆ ನೀರಿಲ್ಲ, ಪಕ್ಕದಲ್ಲಿ ಬಕೆಟ್ಟು. ಅದನ್ನೂ ಅವಳು ನೆನಪಿಟ್ಟುಕೊಂಡಳು.

ಇಂಗ್ಲಿಷ್‌ನ ಪ್ರಶ್ನೆ ಗಂಡನದು. 2007ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲು ಸರ್ಕಾರ ಮುಂದಾಯಿತು. ಈ ಶಾಲೆಯಲ್ಲಿ ಆ ವಿಭಾಗವಿರಲಿಲ್ಲ. “ಇಂಗ್ಲಿಷ್ ಪದ್ಯ, ಸಣ್ಣ ಮಾತುಕತೆ ಕಲಿಸ್ತೀವಿ ಸರ್. ವ್ಯಾನಿನ ಮಕ್ಕಳಷ್ಟು ಬರುತ್ತೆ ಅಂತ ಸುಳ್ಳು ಹೇಳಲ್ಲ” ಎಂದು ಮುಖ್ಯ ಶಿಕ್ಷಕಿ ನೇರವಾಗಿ ಹೇಳಿದರು. ಆ ನೇರ ಮಾತೇ ಅವನಿಗೆ ಹಿಡಿಸಿತು. ಖಾಸಗಿ ಶಾಲೆಯಲ್ಲಿ ಅವನಿಗೆ ಸಿಕ್ಕ ಉತ್ತರಗಳಲ್ಲಿ ‘ಇಲ್ಲ’ ಎಂಬ ಪದವೇ ಇರಲಿಲ್ಲ. ಅಲ್ಲಿ ತರಗತಿಯೊಳಗೆ ಪಾಲಕರಿಗೆ ಪ್ರವೇಶವೂ ಇರಲಿಲ್ಲ. ಕಚೇರಿಯ ಸೋಫಾದ ಮೇಲೆ ಕೂರಿಸಿ ಬಣ್ಣದ ಕಿರುಹೊತ್ತಗೆ ಕೊಟ್ಟು ಕಳಿಸಿದ್ದರು.

ಅರವತ್ತೊಂದನೆಯ ಮಗು

ಹೊರಡುವ ಮುನ್ನ ಮುಖ್ಯ ಶಿಕ್ಷಕಿ ಹೇಳಿದ ಒಂದು ಲೆಕ್ಕ ಈ ಇಡೀ ಕಥೆಯ ತಿರುಳು. 2009ರಲ್ಲಿ ಸಂಸತ್ತು ಒಪ್ಪಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. 61ರಿಂದ 90 ಮಕ್ಕಳಿದ್ದರೆ ಮೂವರು. 91ರಿಂದ 120 ಇದ್ದರೆ ನಾಲ್ವರು. ಆ ಶಾಲೆಯಲ್ಲಿದ್ದದ್ದು 58. ಆ ಬೀದಿಯಲ್ಲಿ ಆ ವರ್ಷ ಒಂದನೆಯ ತರಗತಿಗೆ ಸೇರಬೇಕಿದ್ದ ಮಕ್ಕಳು ಎಂಟು. ಐದನೆಯ ತರಗತಿ ಮುಗಿಸಿ ಹೊರಹೋಗುವವರು ಐವರು. ಎಂಟೂ ಮನೆಗಳವರು ಮಕ್ಕಳನ್ನು ಅಲ್ಲಿಗೇ ಕಳಿಸಿದರೆ ಸಂಖ್ಯೆ 61. ಮೂರನೆಯ ಶಿಕ್ಷಕರನ್ನು ಕೇಳುವ ಹಕ್ಕು ಶಾಲೆಗೆ ಬರುತ್ತದೆ. ಎಂಟೂ ಮಕ್ಕಳು ವ್ಯಾನು ಹತ್ತಿದರೆ 53. ಸಂಖ್ಯೆ ಹೀಗೇ ಇಳಿಯುತ್ತ ಹೋದರೆ ಸೇರಿಸುವವರೂ ಕಡಿಮೆಯಾಗುತ್ತಾರೆ, “ಅಲ್ಲಿ ಮಕ್ಕಳೇ ಇಲ್ಲವಂತೆ” ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಶಿಕ್ಷಕರಿಲ್ಲವೆಂದು ಪಾಲಕರು ಬರುವುದಿಲ್ಲ. ಮಕ್ಕಳಿಲ್ಲವೆಂದು ಶಿಕ್ಷಕರು ಬರುವುದಿಲ್ಲ. ಯಾರು ಮೊದಲು ಹೆಜ್ಜೆ ಇಡಬೇಕು?

ಪ್ರೌಢಶಾಲೆಯ ಮಕ್ಕಳು ಮಾಡಿ ನೋಡಬಹುದಾದ ಸಣ್ಣ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ದೊಡ್ಡ ಹಂಡೆಯ ಬಿಸಿನೀರಿಗೆ ತಣ್ಣನೆಯ ಉಷ್ಣಮಾಪಕ ಅದ್ದಿದರೆ ನೀರಿಗೆ ಏನೂ ಆಗುವುದಿಲ್ಲ. ಅದೇ ಮಾಪಕವನ್ನು ಒಂದು ಚಮಚೆಯಷ್ಟು ಬಿಸಿನೀರಿಗೆ ಅದ್ದಿದರೆ ಮಾಪಕವೇ ಶಾಖವನ್ನು ಹೀರಿಕೊಂಡು ನೀರು ತಣ್ಣಗಾಗುತ್ತದೆ. ಅಳೆಯುವ ವಸ್ತುವೇ ಅಳೆಯಬೇಕಾದದ್ದನ್ನು ಬದಲಿಸಿಬಿಡುತ್ತದೆ. ಸಣ್ಣ ಶಾಲೆ ಆ ಚಮಚೆಯ ನೀರಿನಂತೆ. ಹೊರಗೆ ನಿಂತು ಅದನ್ನು ತೂಗುತ್ತಿದ್ದೇವೆಂದು ಪಾಲಕರು ತಿಳಿದಿರುತ್ತಾರೆ. ನಿಜದಲ್ಲಿ ಅವರೂ ತಕ್ಕಡಿಯ ತಟ್ಟೆಯಲ್ಲೇ ಕುಳಿತಿರುತ್ತಾರೆ. ಅವರು ಒಳಗೆ ಬಂದರೆ ಶಾಲೆಯ ತೂಕ ಏರುತ್ತದೆ, ಎದ್ದು ಹೋದರೆ ಇಳಿಯುತ್ತದೆ. ನೂರಾರು ಮಕ್ಕಳ ಖಾಸಗಿ ಶಾಲೆಗೆ ಒಂದು ಮನೆ ಬಂದರೂ ಹೋದರೂ ಏನೂ ಆಗುವುದಿಲ್ಲ.

ಕೇಳುವ ಹಕ್ಕೂ ಇಲ್ಲಿ ಬರಿಯ ಬಾಯಿಮಾತಿನದಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಎಸ್‌ಡಿಎಂಸಿ ಎಂದರೆ ಎಲ್ಲರಿಗೂ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಶಾಲೆಗೆ ಬಂದ ಅನುದಾನ ಎಲ್ಲಿ ಹೋಯಿತು, ನಲ್ಲಿಯಲ್ಲಿ ನೀರೇಕಿಲ್ಲ, ವರ್ಷಕ್ಕೆ ಇರಬೇಕಾದ 200 ಕೆಲಸದ ದಿನಗಳಲ್ಲಿ ಶಿಕ್ಷಕರು ಬೇರೆ ಕೆಲಸಕ್ಕೆ ಹೋದದ್ದು ಎಷ್ಟು ದಿನ ಎಂದು ಕೇಳಲು ಅಲ್ಲಿ ಕುರ್ಚಿಯೇ ಇದೆ. ಅನುದಾನವಿಲ್ಲದ ಖಾಸಗಿ ಶಾಲೆಯ ಪಾಲಕರಿಗೆ ಕಾಯ್ದೆ ಈ ಕುರ್ಚಿಯನ್ನು ಹಾಕಿಕೊಟ್ಟಿಲ್ಲ. ಎಷ್ಟೋ ಊರುಗಳಲ್ಲಿ ಈ ಕುರ್ಚಿ ಊರಿನ ರಾಜಕೀಯದವರ ಪಾಲಾಗಿರುವುದೂ ನಿಜ. ಖಾಲಿ ಬಿಟ್ಟ ಕುರ್ಚಿಯಲ್ಲಿ ಯಾರಾದರೂ ಬಂದು ಕುಳಿತೇ ಕುಳಿತುಕೊಳ್ಳುತ್ತಾರೆ.

ಆ ದಂಪತಿ ಎರಡು ರಾತ್ರಿ ಯೋಚಿಸಿದರು. ಕೊನೆಗೆ ತಾಯಿಯ ಷರತ್ತಿನ ಮೇಲೆ ತೀರ್ಮಾನವಾಯಿತು: ಒಂದು ವರ್ಷ ಬೀದಿ ಕೊನೆಯ ಶಾಲೆ. ಪ್ರತಿ ತಿಂಗಳು ಮಗಳ ಏಣಿಯ ಮೆಟ್ಟಿಲನ್ನು ಹೋಗಿ ನೋಡುವುದು. ಉಳಿದ 32,000 ರೂಪಾಯಿಯಲ್ಲಿ ಒಂದು ಪಾಲು ಮನೆಗೆ ಪುಸ್ತಕ, ನಾದಿನಿಯಿಂದ ಸಂಜೆ ಇಂಗ್ಲಿಷ್. ಮಿಕ್ಕದ್ದು ಅಂಚೆ ಕಚೇರಿಯಲ್ಲಿ ಮಗಳ ಹೆಸರಿಗೆ. ಮಗಳು ಕಲಿಯುತ್ತಿಲ್ಲವೆಂದು ಕಂಡರೆ ಮುಂದಿನ ಜೂನ್‌ನಲ್ಲಿ ಯಾವ ಮುಲಾಜೂ ಇಲ್ಲದೆ ಬಿಡಿಸುವುದು. ಮಗುವನ್ನು ಶಾಲೆ ಉಳಿಸಲು ಬಲಿ ಕೊಡಬೇಕೆಂದು ಯಾರೂ ಹೇಳಲಾರರು.

ಅವಳು ಉಳಿದ ಏಳು ಮನೆಗಳಿಗೂ ಹೋದಳು. ಒಂದು ಮನೆಯವರು ಬಾಗಿಲಲ್ಲೇ ನಕ್ಕು ಕಳಿಸಿದರು. ಇನ್ನೊಂದು ಮನೆಯಲ್ಲಿ ಇಬ್ಬರೂ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗಿ ರಾತ್ರಿ ಏಳಕ್ಕೆ ಬರುವವರು. ಖಾಸಗಿ ಶಾಲೆಯಲ್ಲಿ ಮಗುವನ್ನು ಸಂಜೆ ಆರೂವರೆಯವರೆಗೆ ಇರಿಸಿಕೊಳ್ಳುತ್ತಾರೆಂದು ಅಲ್ಲಿಗೇ ಸೇರಿಸಿದರು. ಆ ಲೆಕ್ಕದಲ್ಲಿ ತಪ್ಪು ಹುಡುಕುವಂತಿಲ್ಲ. ಬಡತನದ ಮನೆಯೊಂದು ಕಾಯ್ದೆಯ ಶೇ 25ರ ಸೀಟಿಗಾಗಿ ಕಾಯುತ್ತಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದು 2019ರಲ್ಲಿ ರಾಜ್ಯದ ನಿಯಮ ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇಲ್ಲಿಗೇ ಬಂದರು. ಜೂನ್ ಕೊನೆಗೆ ಹಾಜರಿ ಪುಸ್ತಕದಲ್ಲಿದ್ದದ್ದು 59 ಹೆಸರು. ಅರವತ್ತೊಂದು ಆಗಲಿಲ್ಲ. ಆ ವರ್ಷ ಮೂರನೆಯ ಶಿಕ್ಷಕರೂ ಬರಲಿಲ್ಲ. ನಲ್ಲಿಗೆ ನೀರು ಮಾತ್ರ ಬಂತು. ಎಸ್‌ಡಿಎಂಸಿಗೆ ಆಯ್ಕೆಯಾದ ತಾಯಿ ಮೂರು ಸಭೆಗಳಲ್ಲಿ ಅದೊಂದನ್ನೇ ಕೇಳಿದ್ದಳು.

ಮಾರ್ಚ್ ಹೊತ್ತಿಗೆ ಮಗಳು ಬಸ್ಸಿನ ಬೋರ್ಡುಗಳನ್ನೆಲ್ಲ ಓದುತ್ತಿದ್ದಳು. ಅಪ್ಪ ಸಾಲದ ಅರ್ಜಿಯನ್ನು ಹೊರಗೆ ತೆಗೆಯಲಿಲ್ಲ.

ಎಲ್ಲ ಸರ್ಕಾರಿ ಶಾಲೆಗಳೂ ಹೀಗಿರುವುದಿಲ್ಲ. ನೇರ ಮಾತಿನ ಮುಖ್ಯ ಶಿಕ್ಷಕಿ ಎಲ್ಲೆಡೆ ಸಿಗುವುದಿಲ್ಲ. ಒಳಗೆ ಹೋಗಿ ನೋಡಿ ಬೇಡವೆಂದು ಮರಳುವ ಪಾಲಕರೂ ಸರಿಯಾಗಿಯೇ ಮರಳಿರಬಹುದು. ಆದರೆ ಯಾವ ಶಾಲೆಯನ್ನೇ ಆಗಲಿ ತೂಗುವವರು ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ಅಲ್ಲಿನ ಮೂರನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠವನ್ನು ಓದಿ, ಅರ್ಥ ಹೇಳುತ್ತದೆಯೇ? ಕಡ ತಂದು ಕಳೆಯುತ್ತದೆಯೇ? ನೋಟ್‌ಬುಕ್ಕಿನ ತಪ್ಪುಗಳ ಮೇಲೆ ಕೆಂಪು ಗೆರೆಯಿದೆಯೇ, ಗೆರೆಯ ಕೆಳಗೆ ಮಗು ತಿದ್ದಿ ಬರೆದಿದೆಯೇ? ಕಳೆದ ವರ್ಷ ಕಲಿಸಿದ ಶಿಕ್ಷಕರು ಈ ವರ್ಷವೂ ಇದ್ದಾರೆಯೇ? ಶೌಚಾಲಯದಲ್ಲಿ ನೀರಿದೆಯೇ? ಹೊಸಬರು ಬಂದು ಪ್ರಶ್ನೆ ಕೇಳಿದರೆ ಮಕ್ಕಳು ಹೆದರದೆ ಮಾತಾಡುತ್ತಾರೆಯೇ? ಇದಕ್ಕೆಲ್ಲ ಬೇಕಾದದ್ದು ಒಂದು ಬೆಳಗಿನ ಬಿಡುವು.

ದೊಡ್ಡ ತರಗತಿಗಳ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ಪಕ್ಕದ ಮನೆಯ ಪುಟ್ಟ ಹುಡುಗನಿಗೆ ಕಡ ತರುವ ಲೆಕ್ಕ ಹೇಳಿಕೊಡಲು ಪಿಯುಸಿಯ ವಿದ್ಯೆ ಧಾರಾಳ ಸಾಕು. 35 ಎಂದು ಬರೆದ ಆ ಹುಡುಗನಿಗೆ ನಾದಿನಿ ಹುಣಸೆಬೀಜಗಳನ್ನು ಹತ್ತು ಹತ್ತರ ಗುಡ್ಡೆ ಮಾಡಿ, ಒಂದು ಗುಡ್ಡೆ ಒಡೆದು ತೋರಿಸಿದಳು. ಎರಡು ಸಂಜೆಗಳಲ್ಲಿ ಅವನಿಗೆ ಬಂತು. ಅವನ ಅಪ್ಪ-ಅಮ್ಮ ಗಾರೆ ಕೆಲಸಕ್ಕೆ ಬಂದವರು. ಶಾಲೆಗಳನ್ನು ತೂಗಿ ನೋಡುವ ಅನುಕೂಲ ಅವರಿಗೆ ಎಂದೂ ಇರಲಿಲ್ಲ. ಉಳಿದವರು ಯಾವ ಶಾಲೆಯನ್ನು ಆರಿಸಿದರೂ ಅವನು ಹೋಗುವುದು ಬೀದಿ ಕೊನೆಯ ಶಾಲೆಗೇ. ಅಲ್ಲಿಗೆ ಇನ್ನೂ ಇಬ್ಬರು ಮಕ್ಕಳು ಬಂದು ಮೂರನೆಯ ಶಿಕ್ಷಕರು ಸಿಕ್ಕರೆ, ಹುಣಸೆಬೀಜದ ಗುಡ್ಡೆಯನ್ನು ಅವನ ತರಗತಿಯಲ್ಲೇ ಒಡೆದು ತೋರಿಸುವವರು ಇರುತ್ತಾರೆ.